ಬಾಳು ಬೇರೆ, ಬಾಳು ಬೇರೆ

ಬಾಳು ಅಂದರೆ ಬದುಕು. ಬಾಳು ಅಂದರೆ ಕತ್ತಿಯೂ ಹೌದು. ಈ ಎರಡನೆಯ ಅರ್ಥ ಈಗ ಯಾರ ಮಾತಿನಲ್ಲೂ ಇಲ್ಲ, ಹಳಗನ್ನಡ ಕಾವ್ಯವನ್ನೋ ಶಾಸನವನ್ನೋ ಓದುವವರಿಗೆ ಮಾತ್ರ ಎದುರಾಗುತ್ತದೆ. ಹಾಗೆ ಎದುರಾದಾಗ ಮೊದಲು ಬೆರಗಾಗುತ್ತದೆ. ಒಂದೇ ಪದಕ್ಕೆ ಬದುಕು ಅಂತಲೂ ಕತ್ತಿ ಅಂತಲೂ ಅರ್ಥವೇ? ಹಾಗಾದರೆ ಬಾಳುವುದು ಅಂದರೆ ಕತ್ತಿಯ ಅಲಗಿನ ಮೇಲೆ ನಡೆಯುವುದು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತೇನೋ! ಯಾರಾದರೂ ವೇದಿಕೆಯ ಮೇಲೆ ನಿಂತು ಹೀಗೆ ಹೇಳಿದರೆ ಕೇಳಿದವರೆಲ್ಲ ತಲೆದೂಗುತ್ತಾರೆ. ಅಷ್ಟು ಚಂದವಾಗಿದೆ ಆ ಮಾತು.

ಆದರೆ ನಿಜವಲ್ಲ. ಇವು ಒಂದು ಪದದ ಎರಡು ಅರ್ಥಗಳಲ್ಲ, ಎರಡು ಬೇರೆ ಬೇರೆ ಪದಗಳು. ಹಿಂದೆ ಇವುಗಳ ಉಚ್ಚಾರಣೆ ಬೇರೆ ಇತ್ತು, ಬರೆಯುವ ಅಕ್ಷರವೂ ಬೇರೆ ಇತ್ತು. ಬದುಕಿಗೆ ಬಾೞ್, ಕತ್ತಿಗೆ ಬಾಳ್. ನಡುವೆ ಇದ್ದ ಆ ೞ ಅನ್ನುವ ಅಕ್ಷರವನ್ನು ಕನ್ನಡ ಕಳೆದುಕೊಂಡಿತು. ಗೋಡೆ ಬಿತ್ತು, ಎರಡು ಮನೆಗಳು ಒಂದೇ ಮನೆಯ ಹಾಗೆ ಕಾಣತೊಡಗಿದವು. ನನಗೆ ಆ ಬಿದ್ದ ಗೋಡೆಯ ಬಗ್ಗೆಯೇ ಜಾಸ್ತಿ ಆಸಕ್ತಿ.

ಮೊದಲು ಬದುಕಿನ ಬಾಳನ್ನು ನೋಡೋಣ. ಇದರ ಬಳಗ ದೊಡ್ಡದು. ಬಾಳ್ವೆ, ಸಹಬಾಳ್ವೆ, ಬಾಳಸಂಗಾತಿ ಇವೆಲ್ಲ ಮೇಲ್ನೋಟಕ್ಕೇ ಗೊತ್ತಾಗುತ್ತವೆ. ಇನ್ನು ಕೆಲವು ಸುಮ್ನೆ ನಮ್ಮ ಮಾತಿನಲ್ಲಿ ಬೆರೆತುಹೋಗಿವೆ, ಗಮನಕ್ಕೇ ಬರುವುದಿಲ್ಲ. 'ಈ ಚಪ್ಪಲಿ ಬಾಳಿಕೆ ಬರುತ್ತೆ' ಅನ್ನುತ್ತೇವೆ. ಚಪ್ಪಲಿಗೆ ಜೀವ ಇಲ್ಲ, ಆದರೂ ಅದಕ್ಕೆ ಬಾಳಿಕೆ ಇದೆ. 'ಬೆಲೆಬಾಳುವ ಒಡವೆ' ಅನ್ನುತ್ತೇವೆ. ಒಂದು ವಸ್ತು ಇಷ್ಟು ಬೆಲೆ 'ಬಾಳುತ್ತದೆ'. ಹಾಗಾದರೆ ಬಾಳುವುದು ಅಂದರೆ ಉಸಿರಾಡಿಕೊಂಡಿರುವುದು ಅಷ್ಟೇ ಅಲ್ಲ, ತಾಳಿಕೊಂಡು ಇರುವುದು, ಬೆಲೆ ಉಳಿಸಿಕೊಂಡು ಇರುವುದು. 'ಬಾಳಿ ಬದುಕಿದ ಮನೆ' ಅಂತ ಒಂದು ಮಾತಿದೆ. ಬರೀ ಜನ ಇದ್ದ ಮನೆಗೆ ಹಾಗೆ ಅನ್ನುವುದಿಲ್ಲ. ಒಂದು ಕಾಲಕ್ಕೆ ನಾಲ್ಕು ಜನ ಬಂದು ಹೋಗುತ್ತಿದ್ದ, ಹಬ್ಬ ಹುಣ್ಣಿಮೆ ನಡೆಯುತ್ತಿದ್ದ ಮನೆಗೆ ಹಾಗೆ ಅನ್ನುತ್ತೇವೆ. ತಮಿಳಿನಲ್ಲೂ ಇದೇ ಪದ 'ವಾೞ್'. ಅಲ್ಲಿಯೂ ಬದುಕುವುದು, ಏಳಿಗೆಯಾಗುವುದು ಅನ್ನುವ ಎರಡೂ ಅರ್ಥ ಇವೆ. 'ವಾೞ್ಗ' ಅಂದರೆ 'ಬಾಳಲಿ', ಜಯವಾಗಲಿ ಅನ್ನುವ ಹಾಗೆ.

ತಮಿಳಿನ ವ ನಮ್ಮಲ್ಲಿ ಬ ಆಗಿದ್ದು ಹೇಗೆ ಅಂತ ಕೇಳಬಹುದು. ಅದು ಕನ್ನಡದ ಹಳೆಯ ಅಭ್ಯಾಸ. ಪದದ ಮೊದಲಿಗೆ ಬರುವ ವ ನಮ್ಮಲ್ಲಿ ಬ ಆಗುತ್ತದೆ. ಅವರ ವೇರ್ ನಮ್ಮ ಬೇರು, ಅವರ ವಿಲ್ ನಮ್ಮ ಬಿಲ್ಲು, ಅವರ ವಾ ನಮ್ಮ ಬಾ. ವಾೞ್ ಬಾೞ್ ಆಗಿದ್ದು ಈ ದಾರಿಯಲ್ಲೇ. ಕತ್ತಿಯ 'ವಾಳ್' ನಮ್ಮಲ್ಲಿ 'ಬಾಳ್' ಆಗಿದ್ದೂ ಇದೇ ದಾರಿಯಲ್ಲೇ.

ಈ ಬಳಗದಲ್ಲಿ ನನಗೆ ತುಂಬಾ ಇಷ್ಟವಾದ ನಂಟು ಇನ್ನೊಂದಿದೆ. 'ಬಾಳು ಬದುಕು' ಅಂತ ಜೋಡಿಯಾಗಿ ಹೇಳುತ್ತೇವಲ್ಲ, ಅಲ್ಲಿರುವ ಬದುಕು ಕೂಡ ಇದೇ ಬೇರಿನದು ಅಂತ ಭಾಷಾವಿದ್ವಾಂಸರು ಹೇಳುತ್ತಾರೆ. ಹಳಗನ್ನಡದಲ್ಲಿ ಅದು 'ಬರ್ದುಂಕು'. ತೆಲುಗಿನಲ್ಲಿ 'ಬ್ರತುಕು'. ಅಲ್ಲಿರುವ ರ್ ಮೊದಲು ೞ್ ಆಗಿತ್ತು. ಆಮೇಲೆ ಆ ರ್ ಕೂಡ ಉದುರಿ ಬದುಕು ಉಳಿಯಿತು. ಬಾಳು ಮತ್ತು ಬದುಕು ನೋಡಲು ಒಂದಿಷ್ಟೂ ಹೋಲುವುದಿಲ್ಲ, ಆದರೆ ಒಡಹುಟ್ಟಿದವು. ಬಾಳು ಮತ್ತು ಬಾಳು ತದ್ರೂಪ, ಆದರೆ ನಂಟೇ ಇಲ್ಲ. ಪದಗಳ ಮುಖ ನೋಡಿ ನಂಟು ಹೇಳುವುದು ಎಷ್ಟು ಕಷ್ಟ ನೋಡಿ.

ಈಗ ಆ ಅಕ್ಷರದ ಕಡೆ ಬರೋಣ. ೞ ಕನ್ನಡಿಗರಿಗೆ ದೂರದ ಶಬ್ದವೇನಲ್ಲ. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಯಲ್ಲಿ ಬರುವುದು ಇದೇ. ಮಲಯಾಳಿಗಳು 'ಮೞ' ಅಂದರೆ ನಮ್ಮ ಮಳೆ. ಈ ಶಬ್ದ ಹುಟ್ಟಿಸುವುದು ಹೀಗೆ. ಮೊದಲು ಳ ಹೇಳಿ ನೋಡಿ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಈಗ ನಾಲಿಗೆಯನ್ನು ಅಲ್ಲಿಗೇ ಒಯ್ಯಿರಿ, ಆದರೆ ತಾಗಿಸಬೇಡಿ. ಒಂದು ಎಳೆಯಷ್ಟು ಸಂದು ಬಿಟ್ಟು, ಆ ಸಂದಿನಲ್ಲಿ ದನಿ ಹರಿದುಹೋಗಲಿ. ಅದೇ ೞ. ರ ಮತ್ತು ಳ ಎರಡರ ನಡುವೆ ಎಲ್ಲೋ ತೇಲಿದ ಹಾಗೆ ಕೇಳಿಸುತ್ತದೆ. ಹಳೆಯ ವೈಯಾಕರಣರು ಇದಕ್ಕೆ 'ರಳ' ಅಂತ ಹೆಸರಿಟ್ಟಿದ್ದು ಎಷ್ಟು ಸರಿಯಾಗಿದೆ ಅಲ್ವಾ? ನಾವು ಈಗ ಬಳಸುವ ಅಚ್ಚಗನ್ನಡದ ಳ ಅವರ ಬಾಯಲ್ಲಿ 'ಕುಳ'. ಸಂಸ್ಕೃತದ ಲ ಕನ್ನಡಕ್ಕೆ ಬಂದು ಳ ಆದರೆ ಅದು 'ಕ್ಷಳ'. ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಈ ಮೂರನ್ನೂ ಬಿಡಿಸಿ ಹೇಳಿದ್ದಾನೆ.

ಕೇರಳದ ಊರಿನ ಹೆಸರುಗಳನ್ನು ನಮ್ಮ ಪತ್ರಿಕೆಗಳಲ್ಲಿ 'ಕೋಝಿಕ್ಕೋಡ್', 'ಆಲಪ್ಪುಝ' ಅಂತ ಝ ಹಾಕಿ ಬರೆಯುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಇಂಗ್ಲಿಷಿನವರು ಈ ಶಬ್ದಕ್ಕೆ ಅಕ್ಷರ ಇಲ್ಲದೆ ಎರಡು ಅಕ್ಷರ ಜೋಡಿಸಿಕೊಂಡರು. ನಾವು ಆ ಇಂಗ್ಲಿಷನ್ನು ಓದಿ ಝ ಮಾಡಿಕೊಂಡೆವು. ಅಲ್ಲಿ ಇರುವುದು ನಮ್ಮದೇ ೞ. ಆಲಪ್ಪುೞದ 'ಪುೞ' ಅಂದರೆ ಹೊಳೆ. ನಮ್ಮ ಹೊಳೆಯ ಹಳೆಯ ರೂಪ ಪೊೞೆ. 'ಕೋೞಿ' ಅಂತ ಮಲಯಾಳಿಗಳು ಇಂದೂ ಅನ್ನುವುದನ್ನೇ ನಾವು ಒಂದು ಕಾಲದಲ್ಲಿ ಅನ್ನುತ್ತಿದ್ದೆವು. ತಮಿಳು ಅನ್ನುವ ಹೆಸರನ್ನು ಮಾತ್ರ ನಾವು ಕನ್ನಡದ ಜಾಯಮಾನಕ್ಕೆ ತಕ್ಕಂತೆ ಳ ಹಾಕಿ ಹೇಳುತ್ತೇವೆ. ಅದು ಸರಿ. ಉಳಿದವನ್ನೂ ಹಾಗೆ ಹೇಳಿದರೆ ನಮ್ಮ ಬಾಯಿಗೂ ಹಿತ, ಚರಿತ್ರೆಗೂ ಹತ್ತಿರ.

ಇನ್ನು ಕತ್ತಿಯ ಬಾಳು. ಇದಕ್ಕಾಗಿ ಹಲ್ಮಿಡಿಗೆ ಹೋಗಬೇಕು. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಈ ಊರಿನ ಶಾಸನ ಸುಮಾರು ಕ್ರಿ.ಶ. 450ರದ್ದು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1936ರಲ್ಲಿ ಇದನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಶಾಸನದ ಹೆಸರು ಎಲ್ಲರಿಗೂ ಗೊತ್ತು, ಒಳಗೆ ಏನಿದೆ ಅಂತ ಹೇಳುವವರು ಕಡಿಮೆ. ಕದಂಬರ ಕಾಕುಸ್ಥ ಆಳುತ್ತಿದ್ದಾಗ ಕೇಕಯ ಪಲ್ಲವರ ಎದುರು ಕಾದಾಡಿ ಗೆದ್ದ ವಿಜಅರಸ ಅನ್ನುವ ವೀರನಿಗೆ ಹಲ್ಮಿಡಿ ಮತ್ತು ಮೂೞಿವಳ್ಳಿ ಅನ್ನುವ ಊರುಗಳನ್ನು ಕೊಟ್ಟರು ಅನ್ನುವುದು ಅದರ ತಿರುಳು. ಆ ಕೊಡುಗೆಗೆ ಶಾಸನ ಒಂದು ಹೆಸರು ಹೇಳುತ್ತದೆ. ಬಾಳ್ಗೞ್ಚು.

ಈ ಪದದ ಹತ್ತಿರ ಒಂದು ಗಳಿಗೆ ನಿಲ್ಲಿ. ಬಾಳ್ ಅಂದರೆ ಕತ್ತಿ. ಕೞ್ಚು ಅಂದರೆ ತೊಳೆ. ಕತ್ತಿ ತೊಳೆಯುವುದು. ಯುದ್ಧ ಮುಗಿಸಿ ಬಂದವನ ಕತ್ತಿಯ ನೆತ್ತರನ್ನು ತೊಳೆದು ಕೊಡುವ ಮನ್ನಣೆ, ಅದರ ಜೊತೆಗೆ ಸಿಗುವ ಭೂಮಿ. ಸತ್ತ ವೀರನ ಮನೆಯವರಿಗೆ ಕೊಡುವುದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು. ಗೆದ್ದು ಬದುಕಿ ಬಂದವನಿಗೆ ಬಾಳ್ಗೞ್ಚು. ಈ ಒಂದೇ ಪದದಲ್ಲಿ ಎರಡೂ ಅಕ್ಷರ ಇವೆ. ಬಾಳ್‌ನಲ್ಲಿ ಳ, ಕೞ್ಚುವಿನಲ್ಲಿ ೞ. ಬಾಳ್ ಮುಗಿದ ಕೂಡಲೇ ಕೞ್ಚು. ನಾಲಿಗೆ ಒಮ್ಮೆ ಅಂಗುಳಕ್ಕೆ ತಾಗಿ, ಮರುಗಳಿಗೆಯಲ್ಲೇ ತಾಗದೆ ನಿಲ್ಲಬೇಕು. ಊರಿನ ಹೆಸರು ಮೂೞಿವಳ್ಳಿಯಲ್ಲೂ ಹಾಗೆಯೇ, ೞ ಮತ್ತು ಳ ಎರಡೂ. ಐದನೆಯ ಶತಮಾನದ ಕನ್ನಡಿಗರಿಗೆ ಇವು ಬೇರೆ ಬೇರೆ ಅಂತ ಕಿವಿಯಲ್ಲೇ ಗೊತ್ತಿತ್ತು. ಕಲ್ಲು ಕೆತ್ತಿದವನು ಕೂಡ ಅದನ್ನು ಬೇರೆ ಬೇರೆಯಾಗಿಯೇ ಕೆತ್ತಿದ.

ಸುಮಾರು ಐದು ನೂರು ವರ್ಷ ಮುಂದಕ್ಕೆ ಬನ್ನಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ ನಡುವಿನದು. ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಅನ್ನುವ ನಾಯಿಗಾಗಿ ನಿಲ್ಲಿಸಿದ ಕಲ್ಲು ಅಂತ ಅದು ಹೆಸರಾಗಿದೆ. ಅದೇ ಶಾಸನದಲ್ಲಿ ಗಂಗರ ಬೂತುಗ ತನ್ನ ಬಂಟ ಮಣಲೆರನಿಗೆ ಊರುಗಳನ್ನು ಕೊಟ್ಟ ವಿಷಯವೂ ಇದೆ. ಕೊಡುಗೆಯ ಹೆಸರು ಅದೇ, ಆದರೆ ರೂಪ ಬದಲಾಗಿದೆ. ಬಾಳ್ಗಚ್ಚು. ೞ್ ಕರಗಿಹೋಗಿ ಮುಂದಿನ ಚ ಇಮ್ಮಡಿಯಾಗಿದೆ. ಒಂದು ಅಕ್ಷರ ಭಾಷೆಯಿಂದ ಜಾರಿಹೋಗುವುದನ್ನು ಹೀಗೆ ಎರಡು ಕಲ್ಲುಗಳ ನಡುವೆ ಇಟ್ಟು ನೋಡಬಹುದು ಅಂದರೆ ಅದು ಸಣ್ಣ ವಿಷಯವಲ್ಲ.

ಕತ್ತಿಯ ಬಾಳು ಹೋಯಿತು, ಸರಿ. ತೊಳೆಯುವ ಕೞ್ಚು ಏನಾಯಿತು? ಅದೂ ಕರ್ಚು, ಕಚ್ಚು ಅಂತ ಆಗಿ ಕೊನೆಗೆ ಕ್ರಿಯಾಪದವಾಗಿ ಮರೆಯಾಯಿತು. ಆದರೆ ಒಂದು ಕಡೆ ಉಳಿದಿದೆ. ಅಕ್ಕಿ ತೊಳೆದ ನೀರಿಗೆ ಅಕ್ಕಚ್ಚು ಅನ್ನುತ್ತೇವಲ್ಲ, ದನಕ್ಕೆ ಇಡುತ್ತೇವಲ್ಲ, ಅದು ಅಕ್ಕಿ ಮತ್ತು ಕಚ್ಚು ಸೇರಿ ಆದದ್ದು. ಹಲ್ಮಿಡಿಯಲ್ಲಿ ವೀರನ ಕತ್ತಿ ತೊಳೆದ ಪದವೇ ಇಂದು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದೆ. ರಾಜರ ಶಾಸನದ ಪದವನ್ನು ಉಳಿಸಿದ್ದು ಅರಮನೆಯಲ್ಲ, ಕೊಟ್ಟಿಗೆ. ಈ ನಂಟು ತಿಳಿದ ಮೇಲೆ ಅಕ್ಕಚ್ಚು ಅನ್ನುವ ಪದ ಕಿವಿಗೆ ಬಿದ್ದಾಗಲೆಲ್ಲ ನನ್ನ ಮನಸ್ಸು ಒಮ್ಮೆ ಅಲ್ಲಿಗೆ ಹೋಗಿ ಬರುತ್ತದೆ.

ೞ ಹೋದದ್ದು ಎರಡು ಬಗೆಯಲ್ಲಿ. ಸ್ವರದ ಮುಂದೆ ಇದ್ದಲ್ಲಿ ಅದು ಸುಮ್ಮನೆ ಳ ಆಯಿತು. ಮೞೆ ಮಳೆ, ಕೋೞಿ ಕೋಳಿ, ಬಾೞೆ ಬಾಳೆ. ವ್ಯಂಜನದ ಮುಂದೆ ಇದ್ದಲ್ಲಿ ರ್ ಆಯಿತು, ಅಥವಾ ಮುಂದಿನ ಅಕ್ಷರದಲ್ಲಿ ಕರಗಿತು. ಪೊೞ್ತು ಹೊತ್ತು ಆಯಿತು. ಕೞ್ತೆ ಕತ್ತೆ ಆಯಿತು. ನಾವು 'ಬೀಳು' ಅನ್ನುತ್ತೇವೆ, ಆದರೆ 'ಬಿದ್ದ' ಅನ್ನುತ್ತೇವೆ. 'ಏಳು' ಅನ್ನುತ್ತೇವೆ, ಆದರೆ 'ಎದ್ದ' ಅನ್ನುತ್ತೇವೆ. ಳ ಎಲ್ಲಿ ಹೋಯಿತು ಅಂತ ಕನ್ನಡ ಹೊಸದಾಗಿ ಕಲಿಯುವವರು ಕೇಳುತ್ತಾರೆ. ಅಲ್ಲಿ ಇದ್ದದ್ದು ಳ ಅಲ್ಲವೇ ಅಲ್ಲ. ಬಿೞ್ದು ಬಿರ್ದು ಆಗಿ ಬಿದ್ದು ಆಯಿತು, ಎೞ್ದು ಎರ್ದು ಆಗಿ ಎದ್ದು ಆಯಿತು. ಬರೆಯುವುದನ್ನು ಬಿಟ್ಟರೂ ಆ ಅಕ್ಷರದ ಹೆಜ್ಜೆಗುರುತು ನಮ್ಮ ದಿನದಿನದ ಮಾತಿನಲ್ಲಿ ಹಾಗೆಯೇ ಇದೆ.

ಕೇಶಿರಾಜ ಹದಿಮೂರನೆಯ ಶತಮಾನದವನು. ಅವನು ವ್ಯಾಕರಣ ಬರೆಯುವ ಹೊತ್ತಿಗೆ ಜನರ ಮಾತಿನಲ್ಲಿ ೞ ಮತ್ತು ಳ ಬೆರೆತುಹೋಗಿದ್ದವು. ಅದಕ್ಕೇ ಅವನು ೞ ಇರುವ ಪದಗಳನ್ನು ಒಂದೊಂದಾಗಿ ಪಟ್ಟಿ ಮಾಡಬೇಕಾಯಿತು. ಎಲ್ಲರಿಗೂ ಕಿವಿಯಲ್ಲೇ ಗೊತ್ತಿದ್ದರೆ ಪಟ್ಟಿ ಯಾಕೆ ಬೇಕು? ಕವಿಗಳಿಗೆ ಇದು ಬೇಕೇ ಬೇಕಾದ ವಿಷಯ. ಹಳಗನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಬೇಕು, ಅದೇ ಪ್ರಾಸ. ಒಂದು ಸಾಲಿನಲ್ಲಿ ಬಾೞ್ ಇಟ್ಟು ಇನ್ನೊಂದರಲ್ಲಿ ಬಾಳ್ ಇಟ್ಟರೆ ಪ್ರಾಸ ತಪ್ಪಿದ ಹಾಗೆ. ಇವತ್ತು ನಮ್ಮ ಕಿವಿಗೆ ಎರಡೂ ಒಂದೇ. ಆವತ್ತಿನ ಒಳ್ಳೆಯ ಓದುಗನಿಗೆ ಅದು ಕಲ್ಲು ಸಿಕ್ಕಿದ ಹಾಗೆ ಕೇಳಿಸುತ್ತಿತ್ತು. ಶಕಟರೇಫೆ ಅನ್ನುವ ಱ ಕೂಡ ಹೀಗೆಯೇ ಹೋಯಿತು, ಆದರೆ ಬರಹದಲ್ಲಿ ಅದು ೞಗಿಂತ ಹೆಚ್ಚು ಕಾಲ ನಿಂತಿತು. ಅದರ ಕತೆ ಬೇರೆಯದೇ ಆಗುತ್ತದೆ, ಇಲ್ಲಿ ಬೇಡ.

ಈಗ ಒಂದು ಪ್ರಶ್ನೆ. ಎರಡು ಪದಗಳು ಒಂದೇ ಆಗಿಬಿಟ್ಟಾಗ ಕತ್ತಿಯೇ ಯಾಕೆ ಹೋಯಿತು, ಬದುಕು ಯಾಕೆ ಉಳಿಯಿತು? ಕತ್ತಿಗೆ ಬೇರೆ ಪದಗಳಿದ್ದವು, ಕತ್ತಿ ಇತ್ತು, ಖಡ್ಗ ಇತ್ತು. ಬದುಕುವ ಬಾಳಿಗೆ ಮಾತಿನಲ್ಲಿ ದಿನವೂ ಕೆಲಸ. ಹಾಗಾಗಿ ಗೊಂದಲ ಬಂದಾಗ ಕತ್ತಿ ಜಾಗ ಬಿಟ್ಟುಕೊಟ್ಟಿರಬೇಕು ಅನ್ನುವುದು ನನ್ನ ಊಹೆ. ಆದರೆ ಇದನ್ನು ಒಂದು ನಿಯಮ ಅಂತ ಹೇಳಲು ಬರುವುದಿಲ್ಲ. 'ಹೊಳೆ' ನೋಡಿ. ಹರಿಯುವ ಹೊಳೆ ಪೊೞೆ, ಮಿನುಗುವ ಹೊಳೆ ಪೊಳೆ. ಎರಡೂ ಇವತ್ತು ಗಟ್ಟಿಯಾಗಿ ಬದುಕಿವೆ. ಒಂದು ನಾಮಪದ, ಇನ್ನೊಂದು ಕ್ರಿಯಾಪದ, ವಾಕ್ಯದಲ್ಲಿ ಯಾರಿಗೂ ಗೊಂದಲ ಆಗುವುದಿಲ್ಲ. ಹಾಗೆಯೇ ಆಳುವ ಆಳು ಮತ್ತು ಕೆಲಸದ ಆಳು. ಅರಸನೂ ಅದೇ ಪದ, ಅವನ ಸೇವಕನೂ ಅದೇ ಪದ, ಎರಡರಲ್ಲೂ ಮೊದಲಿಂದಲೇ ಳ. ನೀರಿನ ಆಳ ಮಾತ್ರ ಬೇರೆ, ಅದು ಆೞ.

ಹೊಳೆಯ ವಿಷಯದಲ್ಲೂ ಒಂದು ಚಂದದ ಕತೆ ಹುಟ್ಟಬಹುದು. ಬಿಸಿಲಿಗೆ ಹೊಳೆಯುತ್ತದೆ, ಅದಕ್ಕೇ ಹೊಳೆ. ಕೇಳಿದರೆ ಹೌದಲ್ಲ ಅನಿಸುತ್ತದೆ. ಆದರೆ ೞ ಅಡ್ಡ ನಿಲ್ಲುತ್ತದೆ. ಹಳೆಯ ರೂಪದಲ್ಲಿ ಅಕ್ಷರ ಬೇರೆಯಾದರೆ ಬೇರೂ ಬೇರೆ ಅಂತ ಹಿಡಿಯಬೇಕು. ಇದರ ತಿರುವುಮುರುವು ಮಾತ್ರ ನಡೆಯುವುದಿಲ್ಲ. ಅಕ್ಷರ ಒಂದೇ ಆದ ಮಾತ್ರಕ್ಕೆ ನಂಟು ಇದೆ ಅಂತಲ್ಲ. ಬಾಳೆಯನ್ನೇ ತೆಗೆದುಕೊಳ್ಳಿ. ಅದರ ಹಳೆಯ ರೂಪ ಬಾೞೆ, ತಮಿಳಿನಲ್ಲಿ ವಾೞೈ, ಮಲಯಾಳದಲ್ಲಿ ವಾೞ. ಬದುಕಿನ ಬಾೞ್ ಜೊತೆ ಅಕ್ಷರ ಸರಿಯಾಗಿ ಹೊಂದುತ್ತದೆ. ಒಂದು ಗಿಡ ಕಡಿದರೆ ಬುಡದಲ್ಲಿ ಮರಿ ಏಳುತ್ತದೆ, ಹೀಗೆ ಬಾಳುತ್ತಲೇ ಇರುವುದರಿಂದ ಬಾಳೆ ಅನ್ನಬಹುದು. ಅರ್ಥವೂ ಕೂಡಿಬರುತ್ತದೆ. ಆದರೂ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು ಈ ಎರಡನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ನಾನೂ ಅಲ್ಲಿಗೇ ನಿಲ್ಲುತ್ತೇನೆ. ಮಲಯಾಳದಲ್ಲಿ ಇನ್ನೊಂದು 'ವಾಳ' ಇದೆ, ಅದು ಮೀನು. ಗಿಡಕ್ಕೆ ವಾೞ, ಮೀನಿಗೆ ವಾಳ. ಅಲ್ಲಿಯ ಮಕ್ಕಳು ಇವತ್ತಿಗೂ ಎರಡನ್ನು ನಾಲಿಗೆಯಲ್ಲೇ ಬೇರೆ ಮಾಡುತ್ತಾರೆ.

ಉತ್ತರ ಕರ್ನಾಟಕದ ಕಡೆ 'ಬಾಳ ಚೊಲೊ ಆತು' ಅನ್ನುವಾಗ ಬರುವ ಬಾಳ ಈ ಯಾವುದಕ್ಕೂ ಸೇರಿದ್ದಲ್ಲ. ಅದು ಬಹಳ, ನಡುವಿನ ಹ ಉದುರಿದೆ ಅಷ್ಟೇ.

ನಿಮಗೂ ಇಂಥ ಜೋಡಿ ಸಿಕ್ಕರೆ ಬೇರು ಹುಡುಕುವ ಸುಲಭದ ದಾರಿ ಒಂದಿದೆ. ತಮಿಳೋ ಮಲಯಾಳವೋ ಆಡುವವರನ್ನು ಕೇಳಿ. ಅಳು ಅನ್ನುವುದಕ್ಕೆ ನಿಮ್ಮಲ್ಲಿ ಏನು ಅನ್ನುತ್ತೀರಿ, ಕೇಳು ಅನ್ನುವುದಕ್ಕೆ ಏನು ಅನ್ನುತ್ತೀರಿ? ಅಳುವಿನಲ್ಲಿ ಅವರ ನಾಲಿಗೆ ತೇಲುತ್ತದೆ, ಕೇಳುವಿನಲ್ಲಿ ತಾಗುತ್ತದೆ. ಸಾವಿರ ವರ್ಷದ ಹಿಂದಿನ ಕನ್ನಡವೂ ಅಲ್ಲಲ್ಲೇ ತೇಲುತ್ತಿತ್ತು, ಅಲ್ಲಲ್ಲೇ ತಾಗುತ್ತಿತ್ತು. ಕಿಟೆಲ್ 1894ರಲ್ಲಿ ಹೊರತಂದ ನಿಘಂಟು ತೆರೆದರೂ ಆಗುತ್ತದೆ, ಆತ ಹಳೆಯ ಅಕ್ಷರಗಳನ್ನು ಬಿಡದೆ ಗುರುತಿಸಿದ್ದಾನೆ. ಬೇರೆ ದೇಶದಿಂದ ಬಂದವನು ಇಷ್ಟು ಜೋಪಾನವಾಗಿ ನೋಡಿಕೊಂಡದ್ದನ್ನು ನಾವು ಈಗ ಸಲೀಸಾಗಿ ಬಿಡಬಾರದು.

ಇದನ್ನು ಹೇಳಲು ಕಾರಣ ಇದೆ. ೞ ಅಕ್ಷರ ಯೂನಿಕೋಡ್‌ನಲ್ಲಿ ಇದೆ, ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಮೂಡಿಸಬಹುದು. ಆದರೆ ಅಲ್ಲಿ ಅದರ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'. ಹೆಸರಿಡುವಾಗ ಆದ ತಪ್ಪು ಅದು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಅನ್ನುವುದು ಯೂನಿಕೋಡ್‌ನ ನಿಯಮ. ಹಾಗಾಗಿ ಇದು ತಪ್ಪು ಅಂತ ಪಕ್ಕದಲ್ಲಿ ಟಿಪ್ಪಣಿ ಹಾಕಿ, ಸರಿಯಾದ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಹೆಸರು ಏನೇ ಇರಲಿ, ಅಕ್ಷರ ಇದೆಯಲ್ಲ, ಅದು ಮುಖ್ಯ. ಹಳಗನ್ನಡ ಕಾವ್ಯಗಳನ್ನೂ ಶಾಸನಗಳನ್ನೂ ಈಗ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಏರಿಸುವವರು ಓದುಗರಿಗೆ ಸುಲಭವಾಗಲಿ ಅಂತ ೞ ಇದ್ದಲ್ಲೆಲ್ಲ ಳ ಹಾಕಿದರೆ, ನಾಳೆ ಯಾರೋ ಒಬ್ಬ ವಿದ್ಯಾರ್ಥಿ ಬಾಳ್ ಅಂತ ಹುಡುಕಿದಾಗ ಕತ್ತಿಯೂ ಬದುಕೂ ಒಂದೇ ರಾಶಿಯಲ್ಲಿ ಬಂದು ಬೀಳುತ್ತವೆ. ಯಾವುದು ಯಾವುದು ಅಂತ ಬೇರೆ ಮಾಡಲು ಮೂಲ ಹಸ್ತಪ್ರತಿಗೇ ಹೋಗಬೇಕಾಗುತ್ತದೆ. ಮೂಲದಲ್ಲಿ ೞ ಇದ್ದರೆ ೞ ಇಡಿ. ಬೇಕಾದರೆ ಹೊಸಗನ್ನಡದ ರೂಪವನ್ನು ಪಕ್ಕದಲ್ಲಿ ಬೇರೆಯಾಗಿ ಕೊಡಿ.